ಸಣ್ಣ ಶೆಡ್‌ಗೂ ಬಂತು ಐಎಸ್‌ಒ

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಹತ್ತಿಪ್ಪತ್ತು ಮಂದಿ ದುಡಿಯುವ ಶೆಡ್‌ಗಳ ಗೇಟಿನ ಮೇಲೂ ‘ಐಎಸ್‌ಒ 9001:2015’ ಫಲಕ ಕಾಣುತ್ತದೆ. ಗುಣಮಟ್ಟ ನಿರ್ವಹಣೆಗೆಂದು ಇರುವ, ದೊಡ್ಡ ಕಂಪನಿಗಳ ಈ ಅಂತರರಾಷ್ಟ್ರೀಯ ಮಾನದಂಡ ಇಷ್ಟು ಸಣ್ಣ ಜಾಗಕ್ಕೆ ಇಳಿದು ಬಂದದ್ದು ಹೇಗೆ?

ಇದರ ಬೇರು ಇರುವುದು ಸೇನೆಯ ಖರೀದಿಯಲ್ಲಿ. ತಯಾರಾದ ಮಾಲನ್ನು ಕೊನೆಯಲ್ಲಿ ಪರೀಕ್ಷಿಸಿದರೆ ಸಾಲದು, ತಯಾರಿಸುವ ಕ್ರಮವೇ ಸರಿಯಿರಬೇಕು ಎಂದು ಅಮೆರಿಕದ ರಕ್ಷಣಾ ಇಲಾಖೆ 1959ರಲ್ಲಿ ಪೂರೈಕೆದಾರರಿಗೆ ನಿಯಮ ಮಾಡಿತು. ಬ್ರಿಟನ್ 1979ರಲ್ಲಿ ಬಿಎಸ್ 5750 ಎಂಬ ಮಾನದಂಡ ಹೊರಡಿಸಿ ಈ ವಿಚಾರವನ್ನು ಸಾಮಾನ್ಯ ಉದ್ದಿಮೆಗಳಿಗೂ ತಂದಿತು. ಅದರ ಆಧಾರದ ಮೇಲೆ 1987ರಲ್ಲಿ ಐಎಸ್‌ಒ 9000 ಸರಣಿ ರೂಪುಗೊಂಡಿತು.

1991ರ ಆರ್ಥಿಕ ಸುಧಾರಣೆಯ ನಂತರ ನಮ್ಮಲ್ಲಿ ರಫ್ತಿನ ಆಸೆ ಚಿಗುರಿತು. ವಿದೇಶಿ ಖರೀದಿದಾರರು ಪ್ರಮಾಣಪತ್ರ ಕೇಳತೊಡಗಿದರು. 1994ರಲ್ಲಿ ಕೇಂದ್ರ ಸರ್ಕಾರ ಸಣ್ಣ ಘಟಕಗಳಿಗೆ ಪ್ರಮಾಣೀಕರಣ ವೆಚ್ಚದ ಶೇ 75ರಷ್ಟನ್ನು, ಗರಿಷ್ಠ 75,000 ರೂಪಾಯಿವರೆಗೆ, ಮರುಪಾವತಿಸುವ ಯೋಜನೆ ಆರಂಭಿಸಿತು.

ಹಣದ ಹೊರೆ ಇಳಿಯಿತು, ಕಾಗದದ ಹೊರೆ ಉಳಿಯಿತು. ಖರೀದಿ, ಉತ್ಪಾದನೆ, ವಸೂಲಿ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ಮಾಲೀಕರಿಗೆ ಐಎಸ್‌ಒ 9001ರ 1994ರ ಆವೃತ್ತಿಯ 20 ಅಂಶಗಳು ಕಡತಗಳ ರಾಶಿಯಾದವು. 2000ದ ಪರಿಷ್ಕರಣೆ ಕಡ್ಡಾಯವಾಗಿ ಬರೆದಿಡಬೇಕಾದ ವಿಧಾನಗಳನ್ನು ಆರಕ್ಕೆ ಇಳಿಸಿತು. 2015ರದ್ದು ಗುಣಮಟ್ಟದ ಕೈಪಿಡಿಯೂ ಕಡ್ಡಾಯವಲ್ಲ ಎಂದಿತು.

ಈ ವ್ಯವಸ್ಥೆಯ ನಿಜವಾದ ಬೆಲೆ ತಿಳಿಯುವುದು ಲೇತ್ ಮುಂದೆ ನಿಂತಾಗ. 25 ಮಿ.ಮೀ. ವ್ಯಾಸದ ಶಾಫ್ಟ್‌ಗೆ 0.02 ಮಿ.ಮೀ. ಮಾತ್ರ ಹೆಚ್ಚುಕಡಿಮೆಗೆ ಅವಕಾಶವಿದೆ ಎನ್ನೋಣ. ಮೈಕ್ರೋಮೀಟರೇ 0.03 ತಪ್ಪು ತೋರಿಸಿದರೆ ಕುಶಲ ಟರ್ನರ್ ಮಾಡಿದ ಇಡೀ ಲಾಟ್ ವಾಪಸ್ ಬರುತ್ತದೆ. ಆ ಉಪಕರಣದ ಮೇಲಿನ ಕ್ಯಾಲಿಬ್ರೇಷನ್ ದಿನಾಂಕದ ಪುಟ್ಟ ಚೀಟಿ ಕಾಯುವುದು ಆ ಲಾಟನ್ನೇ. ತಿರಸ್ಕೃತ ಪೀಸುಗಳಿಗೆ ಬೇರೆಯೇ ಕೆಂಪು ಡಬ್ಬ ಇಟ್ಟರೆ ಅವು ಒಳ್ಳೆಯ ಮಾಲಿನೊಂದಿಗೆ ಬೆರೆಯುವುದಿಲ್ಲ. ಎಷ್ಟು ಪೀಸಿಗೊಮ್ಮೆ ಟೂಲ್ ಬದಲಿಸಬೇಕೆಂಬ ಹಿರಿಯ ಕೆಲಸಗಾರರ ಅನುಭವವನ್ನು ಬರೆದಿಟ್ಟರೆ ಅವರು ರಜೆ ಹಾಕಿದ ದಿನವೂ ಕೆಲಸ ಕೆಡುವುದಿಲ್ಲ.

2016ರಲ್ಲಿ ಶುರುವಾಗಿ 2022ರಲ್ಲಿ ಹೊಸ ರೂಪ ಪಡೆದ ಕೇಂದ್ರದ ‘ಝಡ್’ (ಝೀರೋ ಡಿಫೆಕ್ಟ್, ಝೀರೋ ಎಫೆಕ್ಟ್) ಗುಣಮಟ್ಟ ಯೋಜನೆ ಸೂಕ್ಷ್ಮ ಘಟಕಗಳಿಗೆ ತನ್ನ ಪ್ರಮಾಣೀಕರಣ ಶುಲ್ಕದಲ್ಲಿ ಶೇ 80, ಸಣ್ಣವಕ್ಕೆ ಶೇ 60, ಮಧ್ಯಮದವಕ್ಕೆ ಶೇ 50 ಸಹಾಯಧನ ಕೊಡುತ್ತದೆ. ನೆರವು ಅಗತ್ಯ. ಆದರೆ ಸಲಹೆಗಾರರು ಇಂಗ್ಲಿಷಿನಲ್ಲಿ ಸಿದ್ಧಪಡಿಸಿದ ಕಡತ ಆಡಿಟ್ ದಿನವಷ್ಟೇ ತೆರೆದುಕೊಂಡರೆ ಯಾವ ಸಹಾಯಧನದಿಂದಲೂ ಗುಣಮಟ್ಟ ಬಾರದು. ಕೆಲಸದ ಕ್ರಮವನ್ನು ಕೆಲಸಗಾರರ ಜೊತೆ ಕೂತು, ಅವರು ಓದಬಲ್ಲ ಭಾಷೆಯಲ್ಲಿ ಬರೆದು, ಯಂತ್ರದ ಪಕ್ಕದಲ್ಲೇ ಅಂಟಿಸಬೇಕು. ಖರೀದಿದಾರರಿಗಾಗಿ ಹುಟ್ಟಿದ ಈ ಮಾನದಂಡ ದುಡಿಯುವವರ ಸ್ವತ್ತಾಗಲು ಇರುವ ದಾರಿ ಅದೊಂದೇ.