ಸೆನೆಟರಿಗೂ ಮಾರ್ಕ್ಸ್ ಕಾರ್ಡ್!

2006ರ ನವೆಂಬರ್ 16. ಭಾರತಕ್ಕೆ ಅಣು ಇಂಧನ ಮಾರಲು ದಾರಿ ಬಿಡುವ ಮಸೂದೆ ಅಮೆರಿಕದ ಸೆನೆಟ್‌ನಲ್ಲಿ ಮತಕ್ಕೆ ಬಂತು. ಒಬ್ಬೊಬ್ಬರ ಹೆಸರನ್ನೂ ಕೂಗಿ ಕರೆದರು. ಪರ 85, ವಿರೋಧ 12. ನಮ್ಮ ಪತ್ರಿಕೆಗಳಿಗೆ ಸುದ್ದಿ ಅಲ್ಲಿಗೆ ಮುಗಿಯಿತು. ನಾನು ಬೆರಗಾದದ್ದು ಅದರಾಚೆಯ ಕಥೆಗೆ. ವಾಷಿಂಗ್ಟನ್ನಿನಲ್ಲಿ ಇಂಥ ಮತಗಳನ್ನು ಹೆಸರು ಹೆಸರಾಗಿ ಹೆಕ್ಕಿ, ಸರಿ-ತಪ್ಪು ಗುರುತು ಹಾಕಿ, ಕೂಡಿಸಿ, ನೂರಕ್ಕೆ ಇಷ್ಟು ಎಂದು ಅಂಕ ಕೊಡುವವರು ಇದ್ದಾರೆ! ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕೊಡುವ ಹಾಗೆಯೇ!

ಯಾರಿವರು? ಒಂದು ಗುಂಪಿನ ಮೂಲ ಹುಡುಕುತ್ತ ಹೋದವನಿಗೆ ಸಿಕ್ಕ ಹೆಸರು ಲಿಯೋ ಸಿಲಾರ್ಡ್. ಅಣುವಿನ ಸರಪಳಿ ಕ್ರಿಯೆಯನ್ನು ಮೊದಲು ಕಲ್ಪಿಸಿಕೊಂಡ ಭೌತವಿಜ್ಞಾನಿ. 1939ರಲ್ಲಿ ಐನ್‌ಸ್ಟೈನರ ಸಹಿ ಹಾಕಿಸಿ ಅಧ್ಯಕ್ಷ ರೂಸ್‌ವೆಲ್ಟರಿಗೆ ಅಣುಬಾಂಬಿನ ಸಾಧ್ಯತೆ ತಿಳಿಸುವ ಪತ್ರ ಕಳಿಸಿದವರು. ಬಾಂಬಿಗೆ ಬೀಜ ಬಿತ್ತಿದ ಅದೇ ಕೈ 1962ರಲ್ಲಿ ‘ಕೌನ್ಸಿಲ್ ಫಾರ್ ಎ ಲಿವಬಲ್ ವರ್ಲ್ಡ್’ ಕಟ್ಟಿತು. ಉದ್ದೇಶ ಅಣ್ವಸ್ತ್ರಕ್ಕೆ ಕಡಿವಾಣ ಹಾಕುವವರನ್ನು ಸೆನೆಟ್ಟಿಗೆ ಗೆಲ್ಲಿಸಿ ಕಳಿಸುವುದು. ಪ್ರಯೋಗಾಲಯ ಬಿಟ್ಟು ಮತಪಟ್ಟಿಗೆ ಬಂದ ವಿಜ್ಞಾನಿ! ಭಾರತದ ಅಣು ಒಪ್ಪಂದವನ್ನು ಈ ಸಂಸ್ಥೆ ವಿರೋಧಿಸಿತು. ನಾವು ಸಂಭ್ರಮಿಸಿದ ಆ 85 ಮತಗಳು ಇವರ ಕಣ್ಣಿಗೆ ತಪ್ಪು ಉತ್ತರಗಳು.

ಅಂಕ ಹಾಕುವ ಬಗೆಯಂತೂ ಇನ್ನೂ ಸೋಜಿಗ. 1947ರಲ್ಲಿ ಹುಟ್ಟಿದ ಇನ್ನೊಂದು ಗುಂಪು ‘ಅಮೆರಿಕನ್ಸ್ ಫಾರ್ ಡೆಮಾಕ್ರಟಿಕ್ ಆ್ಯಕ್ಷನ್’ ವರ್ಷಕ್ಕೆ 20 ಮತಗಳನ್ನು ಆರಿಸುತ್ತಿತ್ತು, ಒಂದೊಂದಕ್ಕೆ 5 ಅಂಕ. ದೇಶದೊಳಗಿನ ವಿಷಯಗಳ ಜೊತೆ ವಿದೇಶದ ವಿಷಯಗಳೂ ಅದರಲ್ಲಿ ಇರುತ್ತಿದ್ದವು. ಗೈರುಹಾಜರಾದರೂ 5 ಅಂಕ ಹೋಯಿತು! ಆಸ್ಪತ್ರೆಯಲ್ಲಿ ಮಲಗಿದ್ದವನೂ ಎದುರು ಮತ ಹಾಕಿದವನೂ ಒಟ್ಟು ಅಂಕದಲ್ಲಿ ಒಂದೇ. ನೂರಾರು ಮತಗಳಲ್ಲಿ ಆ ಇಪ್ಪತ್ತನ್ನು ಆರಿಸುವವರು ಯಾರೋ, ಅರ್ಧ ಫಲಿತಾಂಶ ಅವರ ಕೈಯಲ್ಲೇ ಇದೆ. ಪ್ರಶ್ನೆಪತ್ರಿಕೆ ತೆಗೆಯುವವರೂ ಅವರೇ, ತಿದ್ದುವವರೂ ಅವರೇ. ಧ್ವನಿಮತದಲ್ಲಿ ಪಾಸಾದದ್ದಕ್ಕೆ ಹೆಸರಿನ ದಾಖಲೆಯೇ ಇಲ್ಲ. ಅದು ಈ ಕಾರ್ಡಿನ ಕಣ್ಣಿಗೆ ಬೀಳುವುದೇ ಇಲ್ಲ.

ನನ್ನ ಉಸಿರು ನಿಂತದ್ದು ಮಾತ್ರ ಇನ್ನೊಂದು ಕಡೆ. ಮತದಾನಕ್ಕೆ ಮೊದಲೇ ಇಂಥ ಗುಂಪುಗಳಿಂದ ಸದಸ್ಯರ ಕಚೇರಿಗೆ ಪತ್ರ ಹೋಗುತ್ತದೆ: ನಾಳಿನ ಈ ಮತವನ್ನು ನಾವು ಅಂಕಕ್ಕೆ ಹಿಡಿಯುತ್ತೇವೆ. ಅಷ್ಟೇ ಸಾಲು! ಅಂದರೆ ಅಳತೆಗೋಲು ಅಳೆಯುವ ಮೊದಲೇ ಎದುರಿನ ವಸ್ತುವನ್ನು ಬಗ್ಗಿಸಲು ಹೊರಟಿದೆ.

ಒತ್ತಡ ಯಾವುದೇ ಇರಲಿ, ಬಗ್ಗದವರೂ ಇದ್ದರು. ವಿಯೆಟ್ನಾಂ ಯುದ್ಧಕ್ಕೆ ದಾರಿ ಬಿಟ್ಟ 1964ರ ಟೊಂಕಿನ್ ಕೊಲ್ಲಿ ನಿರ್ಣಯಕ್ಕೆ ಸೆನೆಟ್ಟಿನಲ್ಲಿ 88 ಪರ, ಬೇಡವೆಂದವರು ವೇಯ್ನ್ ಮೋರ್ಸ್, ಅರ್ನೆಸ್ಟ್ ಗ್ರೂನಿಂಗ್, ಇಬ್ಬರೇ. 1968ರಲ್ಲಿ ಇಬ್ಬರೂ ಸೀಟು ಕಳೆದುಕೊಂಡರು. ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೆ ಸೇನಾಬಲ ಬಳಸಲು ಅನುಮತಿ ಕೊಡುವ ನಿರ್ಣಯಕ್ಕೆ 2001ರ ಸೆಪ್ಟೆಂಬರ್ 14ರಂದು ಪ್ರತಿನಿಧಿ ಸಭೆಯಲ್ಲಿ 420 ಪರ, ವಿರೋಧ ಒಂದು. ಆ ಒಂದು ಬಾರ್ಬರಾ ಲೀ. ಮತಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಕಣ್ಣಿಟ್ಟು ನಾನು ಎಷ್ಟು ಹೊತ್ತು ಕೂತೆನೋ!

ನಮ್ಮ ಲೋಕಸಭೆಯಲ್ಲಿ ಅದೇ ಅಣು ಒಪ್ಪಂದದ ಗದ್ದಲ 2008ರ ಜುಲೈ 22ರಂದು 275–256ಕ್ಕೆ ಮುಗಿಯಿತು. ಆದರೆ ಅದು ಸರ್ಕಾರದ ವಿಶ್ವಾಸಮತ, ಒಪ್ಪಂದದ ಮೇಲಿನ ಮತವಲ್ಲ. ಪಕ್ಷದ ಆದೇಶವಾದ ವಿಪ್ ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಹೀಗಿರುವಾಗ ನಮ್ಮ ಸಂಸದನ ಮನಸ್ಸಿಗೆ ಅಂಕ ಹಾಕುವುದಾದರೂ ಹೇಗೆ? ಅಮೆರಿಕದಲ್ಲಾದರೆ ನಮ್ಮವರ ಮತವನ್ನೂ ಓದಬಹುದು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2023ರಲ್ಲಿ ಮಿಷಿಗನ್ನಿನಿಂದ ಅಮೆರಿಕದ ಪ್ರತಿನಿಧಿ ಸಭೆ ಸೇರಿದರು. ಯುದ್ಧ, ಶಸ್ತ್ರಾಸ್ತ್ರಗಳ ಮೇಲೆ ಅಲ್ಲಿ ಹೆಸರು ಹಿಡಿದು ನಡೆದ ಮತದಾನಗಳಲ್ಲಿ ಅವರು ಯಾವ ಕಡೆಗಿದ್ದರೆಂದು ಬೆಳಗಾವಿಯ ಹುಡುಗಿಯೊಬ್ಬಳು ಮನೆಯಲ್ಲೇ ಕೂತು, ಸಾಲು ಸಾಲಾಗಿ ಬೆರಳಿಟ್ಟು ಓದಬಹುದು.