ಕೆಲಸವೇನೋ ಸಿಕ್ಕಿತು, ಮನೆ ಎಲ್ಲಿ ಸ್ವಾಮಿ?

ಕೋಲಾರ: ನರಸಾಪುರ, ವೇಮಗಲ್ ಕಾರ್ಖಾನೆಗಳಿಗೆ ದಿನಾ ಬಸ್ಸು ಹತ್ತುವವರಿಗೆ ಗೊತ್ತು. ಕೆಲಸ ಒಂದು ಊರಲ್ಲಿ, ಮನೆ ಇನ್ನೊಂದು ಊರಲ್ಲಿ. ಬಾಡಿಗೆ, ಬಸ್ ಚಾರ್ಜು ಕಳೆದು ಉಳಿದದ್ದೇ ದಿನಸಿ ಅಂಗಡಿಗೆ ಬರೋದು. ಸಾಲದ ಪುಸ್ತಕ ದಪ್ಪವಾಗೋದು ಸುಮ್ಮನೆ ಅಲ್ಲ.

ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆ 2025ರ ಆಗಸ್ಟ್ 1ರಂದು ಜಾರಿಗೆ ಬಂತು. ಹೊಸಬರನ್ನು ಸೇರಿಸಿಕೊಂಡ ಮಾಲೀಕರಿಗೆ ತಲೆಗೆ ತಿಂಗಳಿಗೆ 3,000 ರೂಪಾಯಿವರೆಗೆ ಸಹಾಯಧನ. ಮೊದಲ ಸಲ ಕೆಲಸಕ್ಕೆ ಸೇರಿದವರಿಗೆ ಎರಡು ಕಂತಿನಲ್ಲಿ 15,000ದವರೆಗೆ. ಒಟ್ಟು ಮೊತ್ತ 99,446 ಕೋಟಿ. ಒಳ್ಳೇದೇ. ಆದರೆ ಇದರಲ್ಲಿ ಸೂರಿನ ಮಾತೇ ಇಲ್ಲ!

ಹಿಂದೆ ಒಂದು ದಾರಿ ಇತ್ತು. 2016ರಲ್ಲಿ ಆದಾಯ ತೆರಿಗೆ ಕಾಯಿದೆಗೆ 80-ಐಬಿಎ ಕಲಂ ಸೇರಿಸಿ, ಕಡಿಮೆ ಬೆಲೆಯ ಸಣ್ಣ ಮನೆ ಕಟ್ಟುವ ಬಿಲ್ಡರುಗಳ ಲಾಭಕ್ಕೆ ನೂರಕ್ಕೆ ನೂರು ವಿನಾಯಿತಿ ಕೊಟ್ಟರು. 2021ರಲ್ಲಿ ಬಾಡಿಗೆ ಮನೆ ಯೋಜನೆಗಳನ್ನೂ ಸೇರಿಸಿದರು. 2022ರ ಮಾರ್ಚ್ 31ರ ನಂತರ ಮಂಜೂರಾದವಕ್ಕೆ ಅದು ಸಿಗಲಿಲ್ಲ.

ಆ ವಿನಾಯಿತಿ ಮತ್ತೆ ಬರಬೇಕು. ಬಂದರೆ ಉದ್ಯೋಗ ಯೋಜನೆಗೇ ಗಂಟು ಹಾಕಿಕೊಂಡು ಬರಬೇಕು. ಕಾರ್ಖಾನೆಯ ಹತ್ತಿರ, ಬಾಡಿಗೆಗೆ ಕೊಡುವ ಮನೆ ಕಟ್ಟಿದವರಿಗೆ ಮಾತ್ರ ತೆರಿಗೆ ಬಿಡಲಿ. ಗಾರೆಯವರಿಗೆ ಕೆಲಸ, ಸಿಮೆಂಟು ಅಂಗಡಿಗೆ ವ್ಯಾಪಾರ ಹೇಗೂ ಆಗುತ್ತೆ. ಸಹಾಯಧನ ಸಿಗೋದು 2027ರ ಜುಲೈ 31ರೊಳಗೆ ಸೃಷ್ಟಿಯಾದ ಕೆಲಸಗಳಿಗೆ. ತಳಪಾಯ ತೋಡಿ ತಾರಸಿ ಹಾಕೋದಕ್ಕೇ ವರ್ಷ ಬೇಕಲ್ಲ!