ಗುಲಗಂಜಿಯ ತೂಕ

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲು ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ದೇವಾಲಯವಿದೆ. ಗುಂಜೆಯೆಂದರೆ ಗುಲಗಂಜಿ. ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಪುಣ್ಯಪ್ರದವೆಂಬುದು ಜನರ ನಂಬಿಕೆ. ಅಕ್ಕಸಾಲಿಗರು ಹಿಂದೆ ಚಿನ್ನ ತೂಗಲು ಬಳಸುತ್ತಿದ್ದ ಈ ಪುಟ್ಟ ಬೀಜದ ತೂಕ ಒಂದು ಗ್ರಾಂನ ಎಂಟನೆಯ ಒಂದು ಭಾಗದಷ್ಟು. ಆದರೂ ಸಮವಾಗಿ ನಿಂತ ತಕ್ಕಡಿಯನ್ನು ವಾಲಿಸಲು ಅಷ್ಟೇ ಸಾಕು. ಮನೆಯ ಆಯವ್ಯಯಕ್ಕೂ ಈ ಮಾತು ಸಲ್ಲುತ್ತದೆ.

ಸಂಸಾರದ ವೆಚ್ಚಗಳಲ್ಲಿ ಒಮ್ಮೆ ಕೊಟ್ಟು ಮುಗಿಯುವಂಥವು ಕೆಲವು. ತಿಂಗಳು ತಿಂಗಳೂ ಮರಳಿ ಬರುವಂಥವು ಕೆಲವು. ಹಾಲಿನ ವರ್ತನೆ, ಪತ್ರಿಕೆಯ ಚಂದಾ ಎರಡನೆಯ ಬಗೆಯವು. ಹಾಲು ಬಾರದ ದಿನ ಗೃಹಿಣಿಯರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರು. ತಿಂಗಳ ಕೊನೆಯಲ್ಲಿ ಹಾಲಿನವರು ಬಾಗಿಲಿಗೆ ಬಂದಾಗ ಲೆಕ್ಕ ನೋಡಿ, ಹಣ ಎಣಿಸಿ ಕೊಡುತ್ತಿದ್ದರು. ಬೇಡವಾದರೆ ‘ನಾಳೆಯಿಂದ ಬೇಡಪ್ಪ’ ಎಂದರೆ ಮುಗಿಯಿತು.

ಇಂದು ಹಲವು ಚಂದಾಗಳು ಮೊಬೈಲ್ ಫೋನಿನ ಮೂಲಕ ಬರುತ್ತವೆ. ಚಲನಚಿತ್ರ, ಸಂಗೀತ, ಆಟ, ಪಾಠ ಎಲ್ಲಕ್ಕೂ ಚಂದಾ ಉಂಟು. ಗ್ರಾಹಕನು ಒಮ್ಮೆ ಒಪ್ಪಿಗೆ ನೀಡಿದರೆ ಪ್ರತಿ ಅವಧಿಗೂ ಹಣ ತಾನಾಗಿಯೇ ಖಾತೆಯಿಂದ ಸಂದಾಯವಾಗುತ್ತದೆ. 2020ರ ಜುಲೈಯಲ್ಲಿ ಯುಪಿಐ ಪದ್ಧತಿಯಲ್ಲಿಯೂ ಈ ಸೌಲಭ್ಯ ಬಂದಿತು. ಬಾಕಿ ಉಳಿಯದಿರುವುದು ಇದರ ಗುಣ. ಕೊಟ್ಟದ್ದೇ ಮರೆತುಹೋಗುವುದು ಇದರ ದೋಷ. ಮೊದಲ ತಿಂಗಳು ಉಚಿತವೆಂದು ಆರಂಭವಾದ ಚಂದಾ ಎರಡನೆಯ ತಿಂಗಳಿಂದ ಹಣ ಸೆಳೆಯತೊಡಗುತ್ತದೆ. ಫೋನಿನಿಂದ ಆ್ಯಪನ್ನು ಅಳಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಒಂದು ಮನೆಯಲ್ಲಿ ತಿಂಗಳಿಗೆ 149, 99, 49 ರೂಪಾಯಿಗಳ ಮೂರು ಚಂದಾಗಳಿವೆಯೆಂದು ಭಾವಿಸೋಣ. ಬಿಡಿಯಾಗಿ ನೋಡಿದರೆ ಯಾವುದೂ ಭಾರವಲ್ಲ. ಕೂಡಿದರೆ ತಿಂಗಳಿಗೆ 297, ವರ್ಷಕ್ಕೆ 3,564 ರೂಪಾಯಿ! ಇವುಗಳಲ್ಲಿ 99 ರೂಪಾಯಿಯದನ್ನು ಯಾರೂ ಬಳಸದಿದ್ದರೆ, ವರ್ಷಕ್ಕೆ 1,188 ರೂಪಾಯಿ ವ್ಯರ್ಥ.

ಈ ವಿಷಯದಲ್ಲಿ ಗ್ರಾಹಕನಿಗೆ ರಕ್ಷಣೆ ಇಲ್ಲದಿಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮಗಳು 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದವು. ಅವುಗಳಂತೆ ಇಂಥ ಹಣ ಕಡಿತವಾಗುವ ಕನಿಷ್ಠ 24 ಗಂಟೆಗಳ ಮೊದಲು ಸಾಮಾನ್ಯವಾಗಿ ಗ್ರಾಹಕನಿಗೆ ಸೂಚನೆ ಹೋಗಬೇಕು. ಕೊಟ್ಟ ಒಪ್ಪಿಗೆಯನ್ನು ಆತನು ಎಂದು ಬೇಕಾದರೂ ಹಿಂಪಡೆಯಬಹುದು. ಚಂದಾ ರದ್ದುಮಾಡುವುದನ್ನು ಬೇಕೆಂದೇ ಕಠಿಣಗೊಳಿಸುವುದನ್ನು 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ನಿಷೇಧಿಸಿತು. ದೂರು ನೀಡಲು 1915 ಎಂಬ ಸಹಾಯವಾಣಿ ಇದೆ. ಆದರೆ ನಿಯಮವು ಸೂಚನೆಯನ್ನು ಕಳುಹಿಸಬಲ್ಲದೇ ಹೊರತು, ಅದನ್ನು ಓದಿಸಲಾರದು.

ಆದುದರಿಂದ ಒಂದು ಪುಸ್ತಕದಲ್ಲಿ ಚಂದಾದ ಹೆಸರು, ಮೊತ್ತ, ಹಣ ಹೋಗುವ ತಾರೀಖು, ಯಾರ ಖಾತೆಯಿಂದ, ಬಳಸುವವರು ಯಾರು ಎಂಬುದನ್ನು ಬರೆದಿಡಬೇಕು. ತಿಂಗಳಿಗೊಮ್ಮೆ ಅದನ್ನು ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡಬೇಕು. ಬಳಕೆಯಿಲ್ಲದ್ದನ್ನು ಮುಂದಿನ ತಾರೀಖಿಗೆ ಮೊದಲೇ ರದ್ದುಮಾಡಬೇಕು.

ಈ ಹೊಣೆಯಲ್ಲಿ ವಿದ್ಯಾರ್ಥಿಗಳಿಗೂ ಪಾಲುಂಟು. ಅಜ್ಜಿಯ ಪಿಂಚಣಿ ಬರುವ ಖಾತೆಗೆ ಜೋಡಿಸಿದ ಫೋನಿನಲ್ಲಿ ಮೊಮ್ಮಗನು ಆಟಕ್ಕಾಗಿ ಒಪ್ಪಿಗೆಯ ಗುಂಡಿಯನ್ನು ಒತ್ತುವುದು ಕ್ಷಣದ ಕೆಲಸ. ಆ ಕ್ಷಣದ ಬೆಲೆಯನ್ನು ಅಜ್ಜಿ ತಿಂಗಳು ತಿಂಗಳೂ ತೆರಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಬಂದ ಸೂಚನೆಯನ್ನು ಆಕೆ ಓದಲಾರಳು. ಅದನ್ನು ಓದಿ ಹೇಳುವುದೂ, ಕೇಳದೆ ಒಪ್ಪಿಗೆ ನೀಡದಿರುವುದೂ ಓದುಬರಹ ಬಲ್ಲ ಮಕ್ಕಳ ಕರ್ತವ್ಯ. ಗುಲಗಂಜಿ ಚಿಕ್ಕದೆಂದು ಅಕ್ಕಸಾಲಿಗನು ಅದನ್ನು ಎಣಿಸದೆ ಬಿಡುತ್ತಿರಲಿಲ್ಲ.